ನಿಂತು ನಿಂತು ನಡೆದವರು

ಮಂಡಿಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿರುವ ಅಕ್ಕ ಹೋದ ವಾರ ನನ್ನನ್ನು ಕೂಗಿ ನಿಲ್ಲಿಸಿದರು. "ನಿಮ್ಮ ಭಟ್ಟಿ ಚಾಚಾ ಕಾಣ್ತಾನೇ ಇಲ್ಲಲ್ಲ, ಊರಾಗಿಲ್ಲೇನು?"

"ತೀರ್ಕಂಡ್ರು ಅಕ್ಕ. ಎರಡು ತಿಂಗಳಾತು."

ಆಕೆ ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟರು. "ದಿನಾ ಇಲ್ಲೇ ನಿಂತು ಬಳೆ ನೋಡೋರು. ಚಾಚಿಗೆ ಒಂದು ಡಜನ್ ಒಯ್ರಿ ಅಂದ್ರೆ ನಾಳೆ, ನಾಳೆ ಅನ್ನೋರು. ಪಾಪ, ಬಳೆ ಅಂದ್ರೆ ಎಷ್ಟು ಆಸೆ ಇತ್ತು ಅವ್ರಿಗೆ."

ಚಾಚಾ ನೋಡುತ್ತಿದ್ದುದು ಬಳೆಗಳನ್ನಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಅದೊಂದನ್ನು ಹೇಳಿದರೆ ಅದರ ಹಿಂದಿನದನ್ನೂ ಹೇಳಬೇಕಾಗುತ್ತದೆ. ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಹಾಗಾಗಿ ಬರೆಯಲು ಕೂತೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ನಾನು ಹದಿನೆಂಟು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ನಿಟ್ಟುವಳ್ಳಿಯಿಂದ ಬೆಳಿಗ್ಗೆ ಹೋಗುವಷ್ಟರಲ್ಲಿ ಅವರು ಒಲೆಯ ಮುಂದೆ ಕೂತಿರುತ್ತಿದ್ದರು. ದೊಡ್ಡ ಕಡಾಯಿಯಲ್ಲಿ ಉಸುಕು ಕಾಯುತ್ತಿತ್ತು. ಉಪ್ಪು ಹಾಕಿ ಹದ ಮಾಡಿದ ಅಕ್ಕಿಯನ್ನು ಅದಕ್ಕೆ ಸುರಿದು ಎರಡು ಮೂರು ಸಲ ಕೈಯಾಡಿಸಿದರೆ ಅಕ್ಕಿ ಅರಳಿ ಮೇಲೆ ಬರುತ್ತದೆ. ಒಂದು ಗಳಿಗೆ ತಡವಾದರೂ ಕೆಂಪಗಾಗುತ್ತದೆ, ಬೇಗ ತೆಗೆದರೆ ಒಳಗೆ ಗಟ್ಟಿ ಉಳಿಯುತ್ತದೆ. ಉಳಿದವರು ಅದನ್ನು ಬಣ್ಣ ನೋಡಿ ತಿಳಿಯುತ್ತಿದ್ದರು. ಚಾಚಾ ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಸದ್ದು ಕೇಳಿ ತೆಗೆಯುತ್ತಿದ್ದರು. ಹೊಸದರಲ್ಲಿ ನಾನು ಪಕ್ಕದವಳ ಜೊತೆ ಹರಟುತ್ತಾ ಜರಡಿ ಹಿಡಿಯುತ್ತಿದ್ದೆ.

"ಬೇಟಿ, ಅಕ್ಕಿ ಮಾತಾಡೋವಾಗ ನೀನು ಮಾತಾಡಬ್ಯಾಡ. ಅದಕ್ಕೆ ಒಂದೇ ಸಲ ಬಾಯಿ ಬರ್ತೈತೆ. ನಿನಗೆ ದಿನಾ ಐತೆ."

ಅವರು ಬೈದದ್ದೆಂದರೆ ಇಷ್ಟೇ. ಭಟ್ಟಿಗೆ ಯಾರೇ ಬಂದರೂ, ಸಾಲಿಗೆ ನಿಂತ ಅಂಗಡಿಯವರಿರಲಿ, ನೀರು ಕೇಳಲು ಬಂದ ಹಮಾಲಿ ಇರಲಿ, ಮೊದಲು "ಕೂಡ್ರಿ" ಎನ್ನುತ್ತಿದ್ದರು. ಕೂರಲು ಅಲ್ಲಿ ಇದ್ದದ್ದು ಮಂಡಕ್ಕಿ ಚೀಲಗಳು ಮಾತ್ರ. ಊಟಕ್ಕೆ ಮಾಂಸ ತಂದ ದಿನ ಗೋಡೆಯ ಕಡೆ ಮುಖ ಮಾಡಿ, ನನ್ನಿಂದ ದೂರ ಕೂತು ಉಣ್ಣುತ್ತಿದ್ದರು. ನನಗೇನೂ ಆಗುವುದಿಲ್ಲ, ಇಲ್ಲೇ ಬನ್ನಿ ಎಂದು ಎಷ್ಟೋ ಸಲ ಹೇಳಿದ್ದೆ. "ನಿನಗೆ ಆಗಲ್ಲ, ನಿನ್ನ ಡಬ್ಬಿಗೆ ಆಗ್ತೈತೆ. ಅದು ಲಿಂಗಾಯತರ ಡಬ್ಬಿ" ಎಂದು ನಗುತ್ತಿದ್ದರು. ಮೊಸರನ್ನ ತಂದ ದಿನ ಮಾತ್ರ ನನ್ನ ಎದುರಿಗೇ ಬಂದು ಕೂತು ಉಪ್ಪಿನಕಾಯಿ ಕೇಳುತ್ತಿದ್ದರು.

ಬೀಡಿ ಸೇದುತ್ತಿದ್ದರು. ಒಂದು ಬಾಯಲ್ಲಿ, ಒಂದು ಕಿವಿಯ ಮೇಲೆ. ಸಕ್ಕರೆ ಕಾಯಿಲೆಯೂ ಇತ್ತು. ಅದಕ್ಕೆ ಮಾತ್ರೆ ನುಂಗುತ್ತಿದ್ದರು, ಆದರೆ ಚಹಾಕ್ಕೆ ಸಕ್ಕರೆ ಬಿಟ್ಟಿರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಚಾಚಿ ಒಬ್ಬರೇ. ತುಂಗಭದ್ರೆಯ ದಂಡೆಗೆ ಹತ್ತಿರ, ಹರಿಹರದಲ್ಲಿ ಅವರ ಅಕ್ಕನ ಮನೆ. ತಿಂಗಳಿಗೊಂದು ಭಾನುವಾರ ಅಲ್ಲಿಗೆ ಹೋಗುತ್ತಿದ್ದರು. ಒಮ್ಮೆ ಆ ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಎರಡು ಚೀಲ ಮಂಡಕ್ಕಿ ಒಯ್ಯಬೇಕಿತ್ತೆಂದು ನಾನೂ ಜೊತೆಗೆ ಹೋದೆ. ಚೀಲಗಳನ್ನು ಆಟೋದಲ್ಲಿ ಕಳಿಸಿ ನಾವಿಬ್ಬರೂ ಬಸ್ ಸ್ಟ್ಯಾಂಡಿನಿಂದ ನಡೆದೆವು. ಸ್ವಲ್ಪ ದೂರ ಹೋಗುತ್ತಲೇ ಚಾಚಾ ಒಂದು ಪಾತ್ರೆ ಅಂಗಡಿಯ ಮುಂದೆ ನಿಂತು ಕೊಳಗ ನೋಡಿದರು. ಆಮೇಲೆ ಒಂದು ಗೋಡೆಯ ಮುಂದೆ ನಿಂತು ಹಳೆಯ ಚುನಾವಣೆ ಪೋಸ್ಟರನ್ನು ಪೂರ್ತಿ ಓದಿದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಚಾಚಾ, ಏನಾಗೈತೆ ಹೇಳ್ರಿ."

"ಏನಿಲ್ಲ ಬೇಟಿ. ಮೀನಖಂಡ ಹಿಡ್ಕಂತೈತೆ. ಪೊಲೀಸ್ನೋರ ಥರ. ನಿಂತ್ರೆ ಬಿಡ್ತೈತೆ, ಓಡಾಡಿದ್ರೆ ಹಿಡ್ಕಂತೈತೆ."

"ಎಷ್ಟು ದಿನದಿಂದ?"

"ದಿನ ಅಲ್ಲ. ವರ್ಷ ಆತು." ಒಂದು ಬೀಡಿ ಹಚ್ಚಿದರು. "ಚಾಚಿ ಮುಂದೆ ಅನ್ನಬ್ಯಾಡ. ಆಕಿ ಒಂದು ಕಾಲಿಗೆ ಮೂರು ಡಾಕ್ಟರನ್ನ ಹಿಡಿತಾಳೆ."

ನಾನು ಅನ್ನಲಿಲ್ಲ. ವಯಸ್ಸಾಯಿತು, ಇಡೀ ದಿನ ಕೂತು ಕೂತು ನರ ಹಿಡಿದಿದೆ ಎಂದೇ ನನಗೂ ಅನ್ನಿಸಿತ್ತು. ಔಷಧದ ಅಂಗಡಿಯವರು ಕೊಟ್ಟ ನೋವಿನ ಮಾತ್ರೆಯಲ್ಲಿ ಅವರು ಇನ್ನೊಂದು ವರ್ಷ ದೂಡಿದರು.

ಭಟ್ಟಿಯವರಿಗೆ ಯಾವ ನೋವಿಗೂ ಒಂದೇ ಮದ್ದು. ಬಿಸಿ ಉಸುಕನ್ನು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು. ಹೆಗಲು ಹಿಡಿದರೆ ಗಂಟು, ಸೊಂಟಕ್ಕೆ ಗಂಟು, ಹೆಂಗಸರ ಹೊಟ್ಟೆನೋವಿಗೆ ಗಂಟು, ಕೂಸಿಗೆ ನೆಗಡಿಯಾದರೆ ಎದೆಗೆ ಸಣ್ಣ ಗಂಟು. ಅಕ್ಕಪಕ್ಕದ ಓಣಿಯವರೂ ಬಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಕಟ್ಟುವ ಕೆಲಸ ನನ್ನದು. ಗಂಟು ಕಟ್ಟಿ ಅಂಗೈ ಮೇಲೆ ಇಟ್ಟುಕೊಂಡು ನೋಡಿ, ತಾಳುವಂತಿದ್ದರೆ ಕೊಡುತ್ತಿದ್ದೆ. ಬೇರೆಯವರಾದರೆ ಅದನ್ನು ಮತ್ತೊಮ್ಮೆ ತಾವೇ ಮುಟ್ಟಿ ನೋಡಿ, "ಅಯ್ಯೋ, ಬಿಸಿ ಆತು" ಎಂದು ಆರಲು ಬಿಡುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಚಾಚಾ ಬಲಗಾಲನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದರು. "ಬೇಟಿ, ಇದು ನನ್ನ ಕಾಲೇ ಅಲ್ಲ ನೋಡು. ಹೆಣದ ಕಾಲು ಇದ್ದಂಗೆ ತಣ್ಣಗೈತೆ. ಒಂದು ಗಂಟು ಕಟ್ಟಿ ಕೊಡು."

ಕಟ್ಟಿದೆ. ಅಂಗೈ ಮೇಲೆ ಇಟ್ಟು ನೋಡಿದೆ. ಹಿತವಾಗಿತ್ತು. ಅವರ ಪಾದದ ಮೇಲೆ ಇಟ್ಟು, ಜಾರದಂತೆ ಒಂದು ಟವೆಲ್ ಸುತ್ತಿದೆ. "ಬಿಸಿ ಐತಾ ಚಾಚಾ?" ಎಂದು ಕೇಳಿದೆ. "ಇಲ್ಲ, ಇನ್ನೂ ತಣ್ಣಗೇ ಐತೆ" ಎಂದರು. ಅದನ್ನು ಬಿಚ್ಚಿ, ಇನ್ನೂ ಬಿಸಿಯಾದ ಉಸುಕು ಹಾಕಿ ಮತ್ತೆ ಕಟ್ಟಿದೆ. ಮಧ್ಯಾಹ್ನದವರೆಗೆ ಅದು ಹಾಗೇ ಇತ್ತು.

ಹದಿನೈದು ವರ್ಷ ಬಿಸಿ ಉಸುಕಿನಲ್ಲಿ ಆಡಿದ ನನ್ನ ಅಂಗೈ ಹಳೆಯ ಚಪ್ಪಲಿಯ ಅಟ್ಟೆಯಂತಾಗಿತ್ತು. ಅದಕ್ಕೆ ಹಿತ ಎನಿಸಿದ್ದು ಬೇರೆಯವರ ಚರ್ಮವನ್ನು ಸುಡುವಷ್ಟಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಅವರ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ ಎಂಬುದೂ ಹೊಳೆಯಲಿಲ್ಲ. ಟವೆಲ್ ಬಿಚ್ಚಿದಾಗ ಪಾದದ ಮೇಲಿನಿಂದ ಬೆರಳುಗಳವರೆಗೆ ಬೊಬ್ಬೆ ಎದ್ದಿತ್ತು. ಚಾಚಾ ಅದನ್ನು ನೋಡಿ, ನನ್ನ ಮುಖ ನೋಡಿ, ಟವೆಲನ್ನು ಮತ್ತೆ ಮುಚ್ಚಿದರು.

"ಯಾರಿಗೂ ಅನ್ನಬ್ಯಾಡ. ಎರಡು ದಿನದಾಗೆ ಹೋಗ್ತೈತೆ."

ಹೋಗಲಿಲ್ಲ. ಹತ್ತು ದಿನಕ್ಕೆ ಬೊಬ್ಬೆ ಒಡೆದು ಹುಣ್ಣಾಯಿತು. ಕಿರುಬೆರಳು ಕಪ್ಪಾಗತೊಡಗಿತು. ಚಾಚಿ ಹಟ ಹಿಡಿದು ದಾವಣಗೆರೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ನಾನೂ ಹೋದೆ. ಡಾಕ್ಟರು ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು, ಸಿಗಲಿಲ್ಲ. ತೋಳಿಗೆ ಕಟ್ಟುವ ಬಿ.ಪಿ. ಪಟ್ಟಿಯನ್ನೇ ಕಣಕಾಲಿಗೂ ಕಟ್ಟಿ ನೋಡಿದರು. ತೋಳಿನ ಅರ್ಧದಷ್ಟು ಒತ್ತಡವೂ ಕಾಲಿನಲ್ಲಿ ಇರಲಿಲ್ಲ.

"ಇದು ಹೆಂಗೆ ಸುಟ್ಟಿದ್ದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಚಾಚಾ, "ಕಡಾಯಿಯಿಂದ ಉಸುಕು ಚೆಲ್ತು ಸಾರ್" ಎಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಸುಮ್ಮನೆ ನಿಂತೆ. ಆ ಸುಮ್ಮನಿದ್ದದ್ದು ಮೂರು ವರ್ಷ ನನ್ನ ಜೊತೆಗಿತ್ತು.

ಆಮೇಲೆ ಡಾಕ್ಟರು ಏನೋ ಹೇಳುತ್ತಾ, "ತಡ ಆದ್ರೆ ಮೊಣಕಾಲ ಕೆಳಗೆ ತೆಗೀಬೇಕಾಗ್ತದೆ" ಎಂದರು. ಚಾಚಾ ಅಷ್ಟನ್ನೇ ಕೇಳಿಸಿಕೊಂಡರು. ಸ್ಕ್ಯಾನಿಂಗಿಗೆ ಬರೆಸಿಕೊಳ್ಳಲು ಚಾಚಿ ಕೆಳಗಿಳಿದಿದ್ದರು, ನಾನು ನೀರು ತರಲು ಹೋಗಿದ್ದೆ. ಬಂದು ನೋಡಿದರೆ ಬೆಂಚು ಖಾಲಿ. ಹುಣ್ಣಿನ ಕಾಲಿನಲ್ಲೇ ಬಸ್ಸು ಹತ್ತಿ ಹರಿಹರಕ್ಕೆ, ಅಕ್ಕನ ಮನೆಗೆ ಹೋಗಿಬಿಟ್ಟಿದ್ದರು.

ಎರಡು ದಿನ ಚಾಚಿ ಫೋನಿನಲ್ಲೇ ಅತ್ತರು, ಬೈದರು. ಅವರು ಬರಲಿಲ್ಲ. ಮೂರನೆಯ ದಿನ ನಾನು ಭಟ್ಟಿಗೆ ರಜೆ ಹಾಕಿ ಒಬ್ಬಳೇ ಆ ಡಾಕ್ಟರ ಹತ್ತಿರ ಹೋದೆ. ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ಏನು ಹೇಳಬೇಕೋ ತಿಳಿಯದೆ, ಜೊತೆಗೆ ಕೆಲಸ ಮಾಡುತ್ತೇನೆ ಎಂದೆ. ಮೊದಲ ದಿನ ಜೊತೆಯಲ್ಲಿದ್ದದ್ದು ನೆನಪಾಯಿತೇನೋ, ಕೂರಿಸಿ ಹೇಳಿದರು. ನಮ್ಮ ಕಡೆ ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲವಲ್ಲ, ಹಾಗೆ ಈ ಕಾಲಿಗೆ ರಕ್ತ ಮುಟ್ಟುತ್ತಿಲ್ಲ. ಬೀಡಿ ಮತ್ತು ಸಕ್ಕರೆ ಸೇರಿ ಒಳಗೆ ಹೂಳು ಕಟ್ಟಿದೆ. ನೀರಿಲ್ಲದ ಗದ್ದೆಗೆ ಎಷ್ಟು ಗೊಬ್ಬರ ಹಾಕಿದರೇನು, ರಕ್ತ ಬಾರದ ಹುಣ್ಣಿಗೆ ಎಷ್ಟು ಮುಲಾಮು ಹಚ್ಚಿದರೇನು ಎಂದರು. ಇನ್ನು ಏನೇನು ಮಾಡಬಹುದು ಎಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಆ ಚೀಟಿಯನ್ನು ರವಿಕೆಯೊಳಗಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದೆ.

ಚಾಚಾ ಅಕ್ಕನ ಮನೆಯ ಪಡಸಾಲೆಯಲ್ಲಿ ದಿಂಬಿಗೆ ಒರಗಿದ್ದರು. ಕಾಲಿಗೆ ಯಾವುದೋ ಸೊಪ್ಪು ಅರೆದು ಮೆತ್ತಿದ್ದರು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟಿದ್ದರು. ಮೇಲೆ ಇಟ್ಟರೆ ನೋವು ತಾಳಲಾಗುತ್ತಿರಲಿಲ್ಲವಂತೆ. ಮೂರು ದಿನಕ್ಕೆ ಮುಖ ಇಳಿದುಹೋಗಿತ್ತು.

"ಬಂದ್ಯಾ? ಕೂಡು" ಎಂದರು.

"ಕೂರೋಕೆ ಬಂದಿಲ್ಲ ಚಾಚಾ. ಏಳ್ರಿ, ಹೋಗಾನ."

ಅವರ ಅಕ್ಕ ಒಳಗಿಂದ ಬಂದು, "ಎಲ್ಲಿಗವ್ವ ಕರ್ಕಂಡ್ ಹೋಗ್ತಿ? ಕಾಲು ಕುಯ್ಯೋರ ಹತ್ರಾನಾ? ಇದ್ದ ಕಾಲು ಇಲ್ಲೇ ಇರ್ಲಿ" ಎಂದರು.

"ಆಪಾ, ಇವ್ರು ಅರ್ಧ ಮಾತು ಕೇಳಿ ಓಡಿ ಬಂದಾರೆ. ಇನ್ನರ್ಧ ನಾನು ಕೇಳ್ಕಂಡ್ ಬಂದೀನಿ." ಚೀಟಿ ತೆಗೆದು ಚಾಚಾನ ಮುಂದೆ ಹಿಡಿದೆ. "ನೋಡ್ರಿ. ಇದು ತೊಡೆಸಂದು. ಇಲ್ಲಿಂದ ಸಣ್ಣ ವೈರ್ ಬಿಟ್ಟು, ಮುಚ್ಚಿದ ಜಾಗದಾಗೆ ಬಲೂನು ಊದಿ ದಾರಿ ಮಾಡ್ತಾರೆ. ಮತ್ತೆ ಮುಚ್ಚಬಾರದು ಅಂತ ಒಳಗೆ ಒಂದು ಬಲೆ ಇಡ್ತಾರೆ. ಅದು ಆಗ್ಲಿಲ್ಲ ಅಂದ್ರೆ ಇನ್ನೊಂದು ಕಾಲಿನ ರಕ್ತನಾಳ ತೆಗೆದು ಇಲ್ಲಿಂದ ಇಲ್ಲಿಗೆ ಹೊಸ ದಾರಿ ಹೊಲೀತಾರೆ. ಅದೂ ಆಗ್ಲಿಲ್ಲ ಅಂದ್ರೆ ಮಾತ್ರ ಕುಯ್ಯೋದು. ನೀವು ಇಲ್ಲಿ ಸೊಪ್ಪು ಹಚ್ಕಂಡು ಕೂತ್ರೆ ಮೊದ್ಲಿನ ಎರಡು ಬಾಗ್ಲು ಮುಚ್ತಾವೆ. ಆಮೇಲೆ ಉಳಿಯೋದು ಮೂರನೇದು."

ಚಾಚಾ ಚಿತ್ರವನ್ನೇ ನೋಡುತ್ತಿದ್ದರು. "ಬಲೂನು ಅಂದ್ರೆ ಜಾತ್ರೇದಾ?"

"ಜಾತ್ರೇದು ಅಲ್ಲ."

"ಆಗ್ತೈತೆ ಅಂತ ಗ್ಯಾರಂಟಿ ಕೊಟ್ಟಾರಾ?"

"ಇಲ್ಲ." ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಸಕ್ಕರೆ ಐತೆ, ಕಿಡ್ನಿ ನೋಡ್ಕಂಡು ಮಾಡ್ಬೇಕು ಅಂದ್ರು. ಬೆರಳು ಉಳಿಯಲ್ಲ ಅಂದ್ರು. ಪಾದ ಉಳಿಸೋಕೆ ನೋಡ್ತೀವಿ ಅಂದ್ರು."

ಆಪಾ ಒಳಗೆ ಹೋದರು. ನಾನು ತಗ್ಗಿದ ದನಿಯಲ್ಲಿ ಹೇಳಿದೆ, "ಚಾಚಾ, ನನ್ನ ಕೈಯಿಂದ ಆಗಿದ್ದು ಇದು. ನಿಮ್ಮ ಕಾಲು ಹೋದ್ರೆ ಈ ಕೈ ಇಟ್ಕಂಡು ನಾನೇನು ಮಾಡ್ಲಿ?"

"ಗಂಟು ಕೇಳಿದೋನು ನಾನು. ಬಿಸಿ ಸಾಲ್ದು ಅಂದೋನೂ ನಾನೇ."

"ಹಂಗಾದ್ರೆ ಈಗ ನಾನು ಕೇಳ್ತೀನಿ. ಏಳ್ರಿ."

ಚಾಚಾ ಒಳಗೆ ಕೂಗಿ ಹೇಳಿದರು, "ಆಪಾ, ಸೊಪ್ಪು ತೊಳಿಯೋಕೆ ನೀರು ಕೊಡು."

ಬಲೂನಿನಲ್ಲೇ ದಾರಿ ಆಯಿತು. ಮೊಣಕಾಲ ಮೇಲೆ ಒಂದು ಕಡೆ ಬಲೆ ಇಟ್ಟರು. ಎರಡು ಬೆರಳು ಹೋದವು. ಆ ಎರಡನ್ನು ತೆಗೆದ ದಿನ ಚಾಚಾ, "ಚಪ್ಪಲಿ ಸೈಜು ಕಮ್ಮಿ ಆತು" ಎಂದರು. ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಚಾಚಿ ದಿನವೂ ಪಟ್ಟಿ ಬಿಚ್ಚಿ ತೊಳೆದು ಕಟ್ಟುವಾಗ, "ಆ ಕಡಾಯಿ ಹಾಳಾಗ, ಅದರ ಉಸುಕಿಗೆ ಬೆಂಕಿ ಬೀಳ" ಎಂದು ಬೈಯುತ್ತಿದ್ದರು. ನಾನು ಪಕ್ಕದಲ್ಲಿ ಬಟ್ಟಲು ಹಿಡಿದು ಕೂತು ಕೇಳಿಸಿಕೊಳ್ಳುತ್ತಿದ್ದೆ. ಒಂದೊಂದು ದಿನ ಹೇಳಿಬಿಡಬೇಕು ಎಂದು ಮನೆಯಿಂದ ಹೊರಡುತ್ತಿದ್ದೆ. ಅವರ ಬಾಗಿಲ ಹತ್ತಿರ ಬಂದರೆ ಧೈರ್ಯ ಹೋಗುತ್ತಿತ್ತು.

ಹುಣ್ಣು ಮಾಯಿತು ಎಂದರೆ ಕಾಯಿಲೆ ಹೋಯಿತು ಎಂದಲ್ಲ, ಇಷ್ಟು ಮಾಡಿಯೂ ಬೀಡಿ ಸೇದಿದರೆ ಬಲೆಯೂ ಮುಚ್ಚುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ರಕ್ತ ಗಟ್ಟಿಯಾಗದಿರಲು ಒಂದು, ಕೊಬ್ಬಿಗೆ ಒಂದು, ಸಕ್ಕರೆಗೆ ಎರಡು, ಹೀಗೆ ಮಾತ್ರೆಗಳಾದವು. ಚಾಚಾ ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. "ಕೇಳಿದ್ರೆ ಕೊಡಬ್ಯಾಡ. ಅತ್ರೂ ಕೊಡಬ್ಯಾಡ." ಅಳಲಿಲ್ಲ, ಆದರೆ ಕೇಳಿದರು. ಮೊದಲ ತಿಂಗಳು ದಿನಕ್ಕೆ ಹತ್ತು ಸಲ ಕೇಳಿದರು. ಎದುರಿಗೆ ಅಷ್ಟು ದೊಡ್ಡ ಒಲೆ ಉರಿಯುತ್ತಿತ್ತು. ಬೀಡಿ ಹಚ್ಚಿಕೊಳ್ಳಲು ಅವರಿಗೆ ಕಡ್ಡಿಯೇನೂ ಬೇಕಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ನನ್ನನ್ನೇ ಕೇಳುತ್ತಿದ್ದರು, ನಾನು ಇಲ್ಲ ಎನ್ನುತ್ತಿದ್ದೆ.

ಇನ್ನೊಂದು ಮದ್ದು ನಡೆಯುವುದು. ನೋವು ಬರುವವರೆಗೆ ನಡೆಯಿರಿ, ನೋವು ಜೋರಾದಾಗ ನಿಲ್ಲಿ, ಹೋದ ಮೇಲೆ ಮತ್ತೆ ನಡೆಯಿರಿ, ದಿನಾ ಅರ್ಧ ಗಂಟೆ ಎಂದು ಡಾಕ್ಟರು ಹೇಳಿದ್ದರು. ಹಾಗೆ ನಡೆಯುತ್ತಾ ಹೋದರೆ ಪಕ್ಕದ ಸಣ್ಣ ರಕ್ತನಾಳಗಳು ಕೆಲಸ ಕಲಿಯುತ್ತವಂತೆ. ಚಾಚಾನಿಗೆ ನಂಬಿಕೆ ಬರಲಿಲ್ಲ. "ನಾನು ಎರಡು ವರ್ಷದಿಂದ ಮಾಡಿದ್ದು ಅದೇ ಅಲ್ಲೇನು ಸಾರ್? ನಿಂತೆ, ನಡೆದೆ, ನಿಂತೆ."

"ನೀವು ಮುಚ್ಚಿಡೋಕೆ ನಿಂತ್ರಿ," ಎಂದರು ಡಾಕ್ಟರು. "ಈಗ ನಡೆಯೋಕೆ ನಿಲ್ರಿ."

ಮೊದಲು ಹಿಟ್ಟಿನ ಗಿರಣಿಯ ಮುಂದೆ ನಿಲ್ಲಬೇಕಾಗುತ್ತಿತ್ತು. ಎರಡು ತಿಂಗಳಿಗೆ ಸೈಕಲ್ ಅಂಗಡಿ. ಆಮೇಲೆ ಟೇಲರ್. ಬಳೆ ಅಂಗಡಿಯವರೆಗೆ ಒಂದೂ ಸಲ ನಿಲ್ಲದೆ ಹೋದ ದಿನ ಭಟ್ಟಿಗೆ ಬಂದು ಎಲ್ಲರಿಗೂ ಚಹಾ ಹೇಳಿದರು, ತಮಗೆ ಸಕ್ಕರೆ ಇಲ್ಲದ್ದು. ಬಳೆ ಅಂಗಡಿ ಅಕ್ಕ ಅವರನ್ನು ನೋಡಿದ್ದು ಆಮೇಲಿನ ದಿನಗಳಲ್ಲಿ, ನೋವು ಇಳಿಯಲೆಂದು ಅಲ್ಲಿ ನಿಂತಾಗ.

ಕಾಲನ್ನು ದಿನಾ ಯಾರಾದರೂ ನೋಡಬೇಕಿತ್ತು. ಅಂಗಾಲಿನಲ್ಲಿ, ಬೆರಳ ಸಂದಿಯಲ್ಲಿ ಸಣ್ಣ ಗಾಯವಾದರೂ ಅವರಿಗೆ ತಿಳಿಯುತ್ತಿರಲಿಲ್ಲ. ಅವರಿಗೆ ಬಗ್ಗಲು ಆಗದು, ಚಾಚಿಗೆ ಕಣ್ಣು ಮಂಜು. ಆ ಕೆಲಸ ನಾನು ತೆಗೆದುಕೊಂಡೆ. ಮಧ್ಯಾಹ್ನ ಒಲೆ ಆರಿಸಿದ ಮೇಲೆ ಅವರು ಚೀಲದ ಮೇಲೆ ಕೂತು ಕಾಲು ಚಾಚುತ್ತಿದ್ದರು. ಮೊದಮೊದಲು ನಾಚಿಕೊಂಡರು. "ಹೆಣ್ಮಗಳ ಕೈಲಿ ಕಾಲು ಹಿಡಿಸ್ಕಂಡ್ರೆ ನನಗೆ ಪಾಪ ಬರ್ತೈತೆ" ಎಂದರು. ನನಗೆ ಪುಣ್ಯ ಬರುತ್ತದೆ ಬಿಡಿ ಎಂದೆ. ಪಾದದ ಮೇಲೆ ನಾಡಿ ಎಲ್ಲಿ ಸಿಗುತ್ತದೆ ಎಂದು ಆಸ್ಪತ್ರೆಯ ನರ್ಸು ನನಗೆ ತೋರಿಸಿಕೊಟ್ಟಿದ್ದರು. ಅಂಗೈ ದಡ್ಡುಗಟ್ಟಿದ್ದರೂ ಬೆರಳ ತುದಿಗೆ ಅದು ಗೊತ್ತಾಗುತ್ತಿತ್ತು. ಮೂರು ವರ್ಷ ಹೀಗೆ ನೋಡಿದೆ. ಹಬ್ಬಕ್ಕೆ ಆನಗೋಡಿನ ತವರಿಗೆ ಹೋದರೂ ಮಾರನೆಯ ದಿನವೇ ಬಂದುಬಿಡುತ್ತಿದ್ದೆ.

ಕಾಲು ಉಳಿಯಿತು. ಆದರೆ ಹೃದಯದ ನಾಳಗಳೂ ಅದೇ ಬೀಡಿ, ಅದೇ ಸಕ್ಕರೆ ಕಂಡಿದ್ದವು. ಒಂದು ಬೆಳಿಗ್ಗೆ ನಮಾಜಿಗೆ ಎದ್ದವರು ಮುಖ ತೊಳೆಯುವಾಗಲೇ ಕುಸಿದರಂತೆ. ನಾನು ಹೋಗುವ ಹೊತ್ತಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಎರಡು ಕಾಲಿನಲ್ಲಿ ನಡೆದಾಡುತ್ತಿದ್ದ ಮನುಷ್ಯ ಎರಡು ಕಾಲಿನಲ್ಲೇ ಹೋದರು ಎಂದು ಬಂದವರು ಹೇಳುತ್ತಿದ್ದರು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ಎಲ್ಲರೂ ಹೊರಟ ಮೇಲೆ, ಮಧ್ಯಾಹ್ನ, ಚಾಚಿ ಮತ್ತು ನಾನು ಇಬ್ಬರೇ ಉಳಿದೆವು. ಇನ್ನು ಹೇಳದಿದ್ದರೆ ಯಾವತ್ತೂ ಹೇಳುವುದಿಲ್ಲ ಎನ್ನಿಸಿತು.

"ಚಾಚಿ, ಅವತ್ತು ಕಡಾಯಿಯಿಂದ ಉಸುಕು ಚೆಲ್ಲಿರಲಿಲ್ಲ. ಗಂಟು ಕಟ್ಟಿದ್ದು ನಾನು. ಕಾಲು ಸುಟ್ಟಿದ್ದು ನಾನು."

ಚಾಚಿ ತಟ್ಟೆ ಜೋಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತೆ."

"ಯಾವಾಗಿಂದ?"

"ಅವತ್ತಿಂದಾನೇ. ಮನೆಗೆ ಬಂದು ನನಗೆ ಹೇಳಿದ್ರು. ಹೇಳಿ, ಆ ಹುಡುಗಿನ ಒಂದು ಮಾತು ಅನ್ನಬ್ಯಾಡ, ನಿನಗೆ ಗೊತ್ತೈತೆ ಅಂತ ತಿಳಿದ್ರೆ ಆಕಿ ಮತ್ತೆ ಮುಖ ತೋರ್ಸಲ್ಲ ಅಂತ ಆಣೆ ಹಾಕಿಸ್ಕಂಡ್ರು." ತಟ್ಟೆಗಳನ್ನು ಕೆಳಗಿಟ್ಟರು. "ಸಿಟ್ಟು ಬಂದಿತ್ತು ನನಗೆ, ಇಲ್ಲ ಅನ್ನಲ್ಲ. ನಿನ್ನ ಬೈಯೋಂಗಿಲ್ಲ, ಅದಕ್ಕೆ ಕಡಾಯಿ ಬೈದೆ. ನೀನು ಪಕ್ಕದಾಗೆ ಕೂತು ಕೇಳಿಸ್ಕಂತಿದ್ದೆ, ನನಗೆ ಒಂಚೂರು ಸಮಾಧಾನ ಆಗೋದು."

ನನಗೆ ಅಳು ಬಂತು. ಅವರು ಅಳಲು ಬಿಟ್ಟರು, ಸಮಾಧಾನ ಮಾಡಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ, ಗೋಡೆಗೆ ಒರಗಿ ತಮ್ಮ ಬಲಗಾಲನ್ನು ನನ್ನ ಮುಂದೆ ಚಾಚಿದರು.

"ನನಗೂ ಸಕ್ಕರೆ ಐತಲ್ಲ. ಎಂಟು ದಿನದಿಂದ ಜುಮು ಜುಮು ಅಂತೈತೆ. ಯಾರಿಗೆ ತೋರ್ಸಲಿ? ನೋಡು."

ಬಾಗಿಲ ಬೆಳಕಿನ ಕಡೆ ತಿರುಗಿಸಿ ಅಂಗಾಲು ನೋಡಿದೆ, ಬೆರಳುಗಳ ಸಂದಿ ನೋಡಿದೆ. ಗಾಯವಿರಲಿಲ್ಲ. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದೆ. ಇತ್ತು, ಬಹಳ ಸಣ್ಣಗೆ.

"ತಣ್ಣಗೈತೆ ಚಾಚಿ" ಎಂದೆ.

"ಗಂಟು ಕಟ್ಕಂಡ್ ಬರ್ತೀಯೇನು?"

ತಲೆ ಎತ್ತಿ ನೋಡಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದರು.

"ಇಲ್ಲ, ಆಟೋ ಕರ್ಕಂಡ್ ಬರ್ತೀನಿ. ನಾಳೆ ಒಂಬತ್ತಕ್ಕೆ ತಯಾರಿರ್ರಿ. ಓಡಿ ಹೋಗಬ್ಯಾಡ್ರಿ."